ಪಾಲಿನ ಡಬ್ಬಿ

ಸೋಪನ್ನು ಗರಗಸದಿಂದ ಕೊಯ್ಯುವ ಮನೆಗೆ ಸೊಸೆಯಾಗಿ ಹೋಗುತ್ತೇನೆಂದು ಅವಳು ಕನಸಿನಲ್ಲೂ ಎಣಿಸಿರಲಿಲ್ಲ. ಮದುವೆಯಾದ ಹೊಸತರಲ್ಲಿ ಒಂದು ಬೆಳಿಗ್ಗೆ ಗಂಡ ಹೊಸ ಸೋಪಿನ ಕಾಗದ ಬಿಚ್ಚಿ, ಪೆನ್ಸಿಲಿನಿಂದ ಅದರ ಮೇಲೆ ಗೆರೆ ಎಳೆದು, ಸಣ್ಣ ಗರಗಸದಿಂದ ಮೂರು ತುಂಡು ಮಾಡಿದ. ತನಗೊಂದು, ನಡುವಿನ ತಮ್ಮನಿಗೊಂದು, ಕಿರಿಯವನಿಗೊಂದು. ಉದುರಿದ ಪುಡಿಯನ್ನೂ ಬಿಡಲಿಲ್ಲ, ಕಾಗದದಲ್ಲಿ ಗುಡ್ಡೆ ಮಾಡಿ ಮೂರು ಚಿಟಿಕೆ ಹಂಚಿದ. ಅವಳು ತಮಾಷೆಯೆಂದುಕೊಂಡು ಬಾಯ್ತುಂಬ ನಕ್ಕಳು. ಬೇರೆ ಯಾರೂ ನಗಲಿಲ್ಲ. ಆಮೇಲೆ ಅವಳೂ ಬಹಳ ವರ್ಷ ನಗಲಿಲ್ಲ.

ಗಂಡನಿಗೆ ಬೀದಿಯವರು ಇಟ್ಟ ಹೆಸರು ಸಮಪಾಲು. ಆ ಮಹಾನುಭಾವ ಅದನ್ನು ಬಿರುದು ಎಂದೇ ತಿಳಿದಿದ್ದ. ಅಣ್ಣತಮ್ಮಂದಿರು ಮೂವರದೂ ಸೇರಿ ಒಂದು ಮರಗೆಲಸದ ಅಂಗಡಿ, ಅದರ ಹಿಂದೆಯೇ ಮನೆ. ಅಪ್ಪ ಸಾಯುವಾಗ ‘ಯಾವುದನ್ನೂ ಒಬ್ಬನೇ ತಿನ್ನಬೇಡಿ’ ಎಂದಿದ್ದನಂತೆ. ಪಾಪ, ಮುದುಕ ಅಂಗಡಿಯ ಲಾಭದ ಮಾತಾಡಿರಬೇಕು. ದೊಡ್ಡಮಗ ಅದನ್ನು ಹಲ್ಲುಜ್ಜುವ ಪೇಸ್ಟಿಗೂ ಹಚ್ಚಿದ. ಕಲ್ಲಂಗಡಿಯನ್ನು ಬಡಗಿಗಳ ಮೂಲೆಮಟ್ಟ ಇಟ್ಟು ಅಳೆದು ಕೊಯ್ಯುತ್ತಿದ್ದ. ಮೂವರಿಗೂ ಸೇರಿ ಒಂದೇ ಕನ್ನಡಕ ತಂದಿದ್ದ, ಅದು ಮೂವರಲ್ಲಿ ಒಬ್ಬನಿಗೂ ಹೊಂದುತ್ತಿರಲಿಲ್ಲ. ಅದನ್ನು ಹಾಕಿಕೊಂಡು ಕೊಯ್ದ ಬಾಗಿಲುಗಳು ಊರಿನ ಎಷ್ಟೋ ಮನೆಗಳಲ್ಲಿ ಇವತ್ತಿಗೂ ಸರಿಯಾಗಿ ಮುಚ್ಚುವುದಿಲ್ಲ.

ಇಷ್ಟೆಲ್ಲ ಸಮಪಾಲಿನಲ್ಲಿ ಹೆಂಗಸರ ಪಾಲು ಎಲ್ಲಿ ಎಂದು ಕೇಳಿದರೆ ಅದಕ್ಕೂ ಅವನಲ್ಲಿ ಉತ್ತರವಿತ್ತು. ಪಾಲು ಮೂರೇ. ಹೆಂಡತಿಯದು ಗಂಡನ ಪಾಲಿನಲ್ಲಿ ಸೇರಿಕೊಂಡಿರುತ್ತದೆ. ನಡುವಿನವನ ಹೆಂಡತಿ ಈ ಲೆಕ್ಕವನ್ನು ಒಂದಷ್ಟು ದಿನ ಸಹಿಸಿ, ಒಂದು ಮಧ್ಯಾಹ್ನ ಇಡೀ ಸೋಪೊಂದನ್ನು ಎದೆಗವಚಿಕೊಂಡು ತವರಿಗೆ ಹೋದವಳು ಮತ್ತೆ ಬರಲಿಲ್ಲ. ನಡುವಿನವನು ಅದಕ್ಕೂ ‘ಹೂಂ’ ಎಂದ. ಅವನು ಹುಟ್ಟಿದ ಮೇಲೆ ಅಣ್ಣನಿಗೆ ಹೇಳಿದ ಮಾತೆಂದರೆ ಅದೊಂದೇ.

ಅಡುಗೆಮನೆಯ ಗೂಡಿನಲ್ಲಿ ಒಂದು ದೊಡ್ಡ ತಗಡಿನ ಡಬ್ಬಿ ಇತ್ತು. ಅದು ಪಾಲಿನ ಡಬ್ಬಿ. ಮನೆಗೆ ಯಾರ ಹೆಸರಿನಲ್ಲಿ ಔಷಧಿ ಬಂದರೂ ಅದು ಆ ಡಬ್ಬಿಗೇ ಬೀಳಬೇಕು. ಜ್ವರದ ಗುಳಿಗೆ, ಹೊಟ್ಟೆಯ ಗುಳಿಗೆ, ಸತ್ತ ಅತ್ತೆಯ ಎದೆನೋವಿನ ಗುಳಿಗೆ, ಬಣ್ಣ ಹೋಗಿ ಯಾವುದೆಂದು ದೇವರಿಗೂ ಗೊತ್ತಾಗದ ಗುಳಿಗೆ, ಎಲ್ಲ ಅಲ್ಲಿ ಕೂಡಿ ಬಾಳುತ್ತಿದ್ದವು. ಒಬ್ಬನಿಗೆ ಮೈ ಸರಿಯಿಲ್ಲದಿದ್ದರೆ ಸಮಪಾಲು ಡಬ್ಬಿ ಇಳಿಸಿ, ಕೈಯಾಡಿಸಿ, ಏನೋ ಒಂದನ್ನು ತೆಗೆದು ಮೂವರಿಗೂ ಕೊಡುತ್ತಿದ್ದ. ‘ಇವತ್ತು ಅವನಿಗೆ ಬಂದದ್ದು ನಾಳೆ ನಮಗೆ ಬರೋದಿಲ್ವಾ?’ ಎನ್ನುತ್ತಿದ್ದ. ಇಂಥ ಬುದ್ಧಿವಂತನ ಜೊತೆ ಸಂಸಾರ ಮಾಡಿ ಅವಳ ಒಳಗೆಲ್ಲ ಮರದ ಹೊಟ್ಟು ತುಂಬಿಕೊಂಡಂತೆ ಆಗಿಬಿಟ್ಟಿತ್ತು. ಏಳಲು ಮನಸ್ಸಿಲ್ಲ, ಉಣ್ಣಲು ಮನಸ್ಸಿಲ್ಲ, ತಲೆ ಬಾಚಲು ಕೈ ಮೇಲೇಳುವುದಿಲ್ಲ. ಒಂದು ದಿನ ಒಲೆಯ ಮೇಲಿನ ಹಾಲು ಉಕ್ಕಿ ಹರಿಯುವುದನ್ನು ಕೂತಲ್ಲೇ ನೋಡುತ್ತಿದ್ದಳು, ಎದ್ದು ಒಲೆ ಆರಿಸಬೇಕು ಅನ್ನಿಸಲೇ ಇಲ್ಲ.

ಮಾರನೆಯ ದಿನ ದಾರ ತರುತ್ತೇನೆಂದು ಹೇಳಿ ಹೊರಟವಳು ನೇರ ಆಸ್ಪತ್ರೆಗೆ ಹೋಗಿ ಮನಸ್ಸಿನ ಡಾಕ್ಟರ ಎದುರು ಕೂತಳು. ಆತ ಕೊಟ್ಟ ಗುಳಿಗೆಯನ್ನು ಪಾಲಿನ ಡಬ್ಬಿಗೆ ಹಾಕುವಷ್ಟು ಹುಚ್ಚು ಅವಳಿಗೆ ಹಿಡಿದಿರಲಿಲ್ಲ. ಗುಂಡಿಗಳ ಪೆಟ್ಟಿಗೆಯ ತಳದಲ್ಲಿ ಇಟ್ಟಳು. ಅಂಗಿಯ ಗುಂಡಿ ಹೋದರೆ ಹೋಯಿತು ಎಂದು ಹಾಗೇ ತಿರುಗುವ ಆ ಗಂಡಸರು ಆ ಪೆಟ್ಟಿಗೆಯನ್ನು ಜನ್ಮದಲ್ಲಿ ಮುಟ್ಟುವವರಲ್ಲ. ದಿನಾ ಬೆಳಿಗ್ಗೆ ಒಂದು ನುಂಗುತ್ತಾ ಬಂದಳು. ನಿಧಾನವಾಗಿ ಹಸಿವು ವಾಪಸ್ಸು ಬಂತು, ಆಮೇಲೆ ನಿದ್ದೆ ಬಂತು, ಅದರ ಬೆನ್ನಿಗೇ ತಿರಸ್ಕಾರವೂ ಬಂತು. ಅಷ್ಟು ವರ್ಷ ಗಂಡನನ್ನು ಕಂಡರೆ ಏನೂ ಅನ್ನಿಸದೆ ಇದ್ದವಳಿಗೆ ಅವನು ಎಂಥ ದಡ್ಡ ಎಂದು ನಿಚ್ಚಳವಾಗಿ ಕಾಣತೊಡಗಿತು. ಅದರಲ್ಲೊಂದು ಸುಖವೂ ಇತ್ತು, ಅದನ್ನು ಮಾತ್ರ ಯಾರಿಗೂ ಪಾಲು ಕೊಡಬೇಕಾಗಿರಲಿಲ್ಲ.

ಆ ಮನೆಯಲ್ಲಿ ಅವಳ ಜೀವ ಅಂಟಿಕೊಂಡಿದ್ದದ್ದು ಕಿರಿಯ ಮೈದುನನಿಗೆ. ಅವಳು ಬಂದಾಗ ಅವನಿಗೆ ಮೂಗು ಒರೆಸಿಕೊಳ್ಳಲು ಬರುತ್ತಿರಲಿಲ್ಲ. ಎತ್ತಿ ಆಡಿಸಿ ದೊಡ್ಡವನನ್ನು ಮಾಡಿದವಳು ಅವಳೇ. ಈಗ ಅಂಗಡಿಯ ಅನ್ನ ನಡೆಯುತ್ತಿದ್ದದ್ದು ಅವನ ಬಲಗೈಯಿಂದ. ಅಣ್ಣಂದಿರು ಕೊಯ್ದ ಸೊಟ್ಟ ಹಲಗೆಯ ಮೇಲೆ ಅವನು ಬಳ್ಳಿ ಕೆತ್ತಿದರೆ ಸೊಟ್ಟ ಎಲ್ಲಿತ್ತು ಎಂದು ಹುಡುಕಬೇಕು. ಗುಣದಲ್ಲಿ ಚಿನ್ನ, ಆದರೆ ಅಣ್ಣ ಹಾಕಿದ ಗೆರೆ ದಾಟುವವನಲ್ಲ. ಅಣ್ಣ ಬಾವಿಗೆ ಬೀಳು ಎಂದರೆ ಯಾವ ಬಾವಿ ಎಂದು ಕೇಳುವಷ್ಟು ವಿಧೇಯ.

ಅಂಥವನ ಬಲ ಅಂಗೈಗೆ ಒಂದು ದಿನ ಮರದ ಸಿಬಿರು ಹೊಕ್ಕಿತು. ಸಮಪಾಲು ತನ್ನ ದಬ್ಬಳದಿಂದಲೇ ಅಗೆದು ಅರ್ಧ ತೆಗೆದ, ಇನ್ನರ್ಧ ಒಳಗೇ ಉಳಿಯಿತು. ಕೈ ಬಾತು ಕೆಂಪಾಗಿ, ಕೆಂಪು ಗೆರೆ ಮೊಣಕೈವರೆಗೆ ಹತ್ತಿ, ಚಳಿಜ್ವರ ಬಂದು ಅವನು ಹಲ್ಲು ಕಟಕಟ ಅನ್ನಿಸತೊಡಗಿದಾಗ ಅವಳು ಯಾರನ್ನೂ ಕೇಳದೆ ಆಟೋ ಕರೆದಳು. ಆಸ್ಪತ್ರೆಯಲ್ಲಿ ಅಂಗೈ ಕೊಯ್ದು ಕೀವು ತೆಗೆದರು, ನರಕ್ಕೆ ಔಷಧಿ ಏರಿಸಿದರು. ಸಾಮಾನ್ಯ ಔಷಧಿಗೆ ಬಗ್ಗದ ಕ್ರಿಮಿ ಎಂದು ಪರೀಕ್ಷೆಯಲ್ಲಿ ತಿಳಿಯಿತು. ಮನೆಗೆ ಕಳಿಸುವಾಗ ಅದಕ್ಕೆಂದೇ ಇರುವ ಜೋರು ಗುಳಿಗೆ ಬರೆದುಕೊಟ್ಟರು.

ಔಷಧಿಯ ಕಿಟಕಿಯ ಹಿಂದೆ ಕೂತಿದ್ದಾಕೆ ಪೊಟ್ಟಣವನ್ನು ಕೈಗೆ ಕೊಡದೆ ಹಿಡಿದುಕೊಂಡೇ ಮಾತಾಡಿದಳು.

“ಯಾರಿಗಮ್ಮ ಇದು?”

“ಮೈದುನನಿಗೆ.”

“ಅವರೊಬ್ಬರಿಗೇ. ಬೇರೆ ಯಾರೂ ಮುಟ್ಟೋ ಹಾಗಿಲ್ಲ. ಬೆಳಿಗ್ಗೆ ಒಂದು, ರಾತ್ರಿ ಒಂದು, ತಪ್ಪಿಸ್ಬಾರದು. ಊತ ಇಳೀತು, ನೋವು ಹೋಯ್ತು ಅಂತ ನಿಲ್ಲಿಸ್ಬಾರದು, ಪೂರ್ತಿ ಮುಗೀಬೇಕು. ವಾರಕ್ಕೊಂದ್ಸಲ ರಕ್ತ ಪರೀಕ್ಷೆಗೆ ಬರ್ಬೇಕು. ಭೇದಿ ಜೋರಾದ್ರೆ, ಕಣ್ಣು ಮಂಜಾದ್ರೆ ತಡ ಮಾಡ್ದೆ ಬನ್ನಿ. ಅವರು ಬೇರೆ ಏನಾದ್ರೂ ಗುಳಿಗೆ ತಗೊಳ್ತಾರಾ? ಮನಸ್ಸಿಗೆ ಅಂತ ಏನಾದ್ರೂ?”

“ಇಲ್ಲ. ತಗೊಂಡ್ರೆ ಏನಾಗುತ್ತೆ?”

“ಆ ಗುಳಿಗೆಗಳಲ್ಲಿ ಸುಮಾರು ಇದರ ಜೊತೆ ಸೇರ್ಬಾರದು. ಮೈ ಕಾದು ಬೆವರುತ್ತೆ, ಕೈಕಾಲು ನಡುಗುತ್ತೆ, ಬುದ್ಧಿ ತಪ್ಪುತ್ತೆ. ಜೀವಕ್ಕೇ ಬರೋದೂ ಉಂಟು. ಅದಕ್ಕೇ ಕೇಳಿದ್ದು.”

ಅವಳು ಪೊಟ್ಟಣ ಇಸಿದುಕೊಂಡು ಬಂದಳು. ಮನೆಯಲ್ಲಿ ಗಂಡನಿಗೆ ಕಿಟಕಿಯಾಕೆ ಹೇಳಿದ್ದನ್ನೆಲ್ಲ ಬಿಡದೆ ಒಪ್ಪಿಸಿದಳು, ಮನಸ್ಸಿನ ಗುಳಿಗೆಯ ಮಾತೊಂದನ್ನು ಬಿಟ್ಟು. ಅವನು ಗಡ್ಡ ಕೆರೆದುಕೊಂಡು ಕೇಳಿ, “ಆಯ್ತು, ಡಬ್ಬಿಗೆ ಹಾಕು” ಎಂದ.

ಊತ ಇಳಿಯುವವರೆಗೆ ಎಲ್ಲ ಸರಿಯಾಗಿಯೇ ನಡೆಯಿತು. ಕಿರಿಯವನು ಹೊತ್ತಿಗೆ ಸರಿಯಾಗಿ ನುಂಗಿದ, ಕೆಂಪು ಗೆರೆ ಮಾಯವಾಯಿತು, ಬೆರಳು ಮಡಚಲು ಬಂತು. ಒಂದು ಬೆಳಿಗ್ಗೆ ಸಮಪಾಲು ತಮ್ಮನ ಕೈ ಹಿಡಿದು, ಮರದ ಗಂಟು ನೋಡುವಂತೆ ತಿರುಗಿಸಿ ಮುರುಗಿಸಿ ನೋಡಿ ತೀರ್ಪು ಕೊಟ್ಟ.

“ಕೈ ಹುಷಾರಾಯ್ತು. ಇನ್ನು ಉಳಿದದ್ದು ಹಂಚ್ಬಹುದು.”

“ಏನು ಹಂಚೋದು?” ಎಂದಳು ಅವಳು, ಗೊತ್ತಿದ್ದೂ.

“ಗುಳಿಗೆ. ನಡುವಿನವನಿಗೆ ಕೆಮ್ಮು. ನನ್ನ ಕತ್ತಿನ ಮೇಲೆ ಕುರು ಎದ್ದಿದೆ. ನಿನ್ನ ವಸಡು ಬಾತಿದೆ. ಅಷ್ಟು ಜೋರಿನ ಔಷಧಿ ಇಟ್ಕೊಂಡು ಅವನೊಬ್ಬನೇ ತಿಂದ್ರೆ ಅಪ್ಪ ಮೇಲಿಂದ ಏನಂದ್ಕೊಳ್ತಾನೆ?”

“ಪೂರ್ತಿ ಅವನೇ ಮುಗಿಸ್ಬೇಕು ಅಂದ್ರಲ್ರೀ ಆಸ್ಪತ್ರೆಯಲ್ಲಿ. ಕೆಮ್ಮಿಗೆಲ್ಲ ಇದು ಕೇಳೋದೂ ಇಲ್ಲ.”

“ಅವರು ಹಾಗೇ ಹೇಳ್ಬೇಕು. ಹೇಳದಿದ್ರೆ ಅವರ ವ್ಯಾಪಾರ ನಡೆಯೋದು ಹೇಗೆ? ಅಲ್ವೇನೋ?”

“ಹೂಂ,” ಎಂದ ನಡುವಿನವನು, ಕೆಮ್ಮುತ್ತಾ.

ಮರ ಕೊಯ್ಯುವವನಿಗೆ ವೈದ್ಯಶಾಸ್ತ್ರ ಅರ್ಥವಾಗಬೇಕೆಂದೇನೂ ಇಲ್ಲ. ಅರ್ಥವಾಗಲಿಲ್ಲ ಎಂದು ಒಪ್ಪಿಕೊಳ್ಳುವ ಮರ್ಯಾದೆ ಇರಬೇಕು. ಸಮಪಾಲಿಗೆ ಅದು ಇರಲಿಲ್ಲ. ಡಬ್ಬಿಯನ್ನು ಅಂಗಡಿಯ ಮೇಜಿನ ಮೇಲೆ ಇಳಿಸಿ, ಗುಳಿಗೆಗಳನ್ನು ಹಾಳೆಯಿಂದ ಬಿಡಿಸಿ ಸಾಲಾಗಿಟ್ಟ. ತಮ್ಮಂದಿರಿಗೆ ಇಡಿಯಾಗಿ ಒಂದೊಂದು. ತನ್ನದನ್ನು ಮಾತ್ರ ಹಲಗೆಯ ಮೇಲಿಟ್ಟು, ಉಳಿಯ ಅಲಗು ಹಿಡಿದು, ಕೊಡತಿಯಿಂದ ಮೆಲ್ಲಗೆ ಒಂದು ಏಟು ಕೊಟ್ಟ. ಗುಳಿಗೆ ಎರಡು ಹೋಳಾಯಿತು. ಒಂದು ಹೋಳು ಅವನಿಗೆ, ಇನ್ನೊಂದು ಹೆಂಡತಿಗೆ. ಕಿರಿಯವನಿಗೆ ಇನ್ನು ಮುಂದೆ ಬೆಳಿಗ್ಗೆ ಒಂದೇ, ರಾತ್ರಿಯದು ಉಳಿದವರ ಪಾಲಿಗೆ ಎಂದು ಕಾನೂನಾಯಿತು. ಇಷ್ಟು ಮಾಡಿ ಅವನ ಮುಖದಲ್ಲಿ ಎಂಥ ತೃಪ್ತಿ ಎಂದರೆ, ಅವಳಿಗೆ ಆ ಕೊಡತಿಯನ್ನು ಇಸಿದುಕೊಂಡು ಅವನ ತಲೆಗೇ ಒಂದು ಕೊಡಬೇಕು ಅನ್ನಿಸಿತು.

ಅವಳು ಹೋಳನ್ನು ಬಾಯಿಗೆ ಹಾಕಿಕೊಂಡು ದವಡೆಗೆ ಒತ್ತಿ ಹಿಡಿದಳು. ವಸಡಿನ ಪಕ್ಕ ಅದು ಕಹಿಯಾಗಿ ಕರಗತೊಡಗಿತು. ಅವನು ಆ ಕಡೆ ತಿರುಗುತ್ತಲೇ ಬಚ್ಚಲಿಗೆ ಓಡಿ ಉಗಿದು, ಬಾಯಿ ಮುಕ್ಕಳಿಸಿ, ಮತ್ತೆ ಮತ್ತೆ ಮುಕ್ಕಳಿಸಿದಳು. ಅವಳ ಪ್ರಾಣ ಗುಂಡಿಗಳ ಪೆಟ್ಟಿಗೆಯಲ್ಲಿದೆ, ಮೈದುನನ ಕೈ ಪಾಲಿನ ಡಬ್ಬಿಯಲ್ಲಿದೆ. ಗುಟ್ಟು ಬಾಯಿಬಿಟ್ಟರೆ ಪೆಟ್ಟಿಗೆಯೂ ಡಬ್ಬಿಗೇ ಸೇರುತ್ತದೆ. ಮತ್ತೆ ಹಾಲು ಉಕ್ಕುವುದನ್ನು ಕೂತು ನೋಡುವ ಹೆಂಗಸಾಗಲು ಅವಳು ತಯಾರಿರಲಿಲ್ಲ.

ಆಮೇಲೆ ಒಂದು ಉಪಾಯ ಹೂಡಿದಳು. ಹೋಳನ್ನು ಬಾಯಿಗೆ ಹಾಕಿದಂತೆ ನಟಿಸಿ ಅಂಗೈಯಲ್ಲೇ ಉಳಿಸಿಕೊಳ್ಳುವುದು, ಅಂಗಡಿಯ ಹಿಂದೆ ಹೋಗಿ ಕಿರಿಯವನ ಕೈಗೆ ತುರುಕುವುದು. ಮೊದಲ ಸಲ ಅವನು ಹಾವು ಕಂಡವನಂತೆ ಹಿಂದೆ ಸರಿದ.

“ಅತ್ತಿಗೆ, ಅದು ಅಣ್ಣ ನಿಮಗೆ ಕೊಟ್ಟಿದ್ದು.”

“ನುಂಗೋ ಸುಮ್ನೆ.”

“ನಿಮ್ಮ ವಸಡು?”

“ನನ್ನ ವಸಡು ಉಪ್ಪುನೀರಿಗೆ ಇಳಿಯುತ್ತೆ. ನಿನ್ನ ಕೈ ಇಳಿಯೋದಿಲ್ಲ. ಗೆದ್ದಲು ಹಿಡಿದ ಕಂಬಕ್ಕೆ ಅರ್ಧಕ್ಕೆ ಮಾತ್ರ ಎಣ್ಣೆ ಹೊಡೆದು ಬಿಡ್ತೀಯೇನು ನೀನು?”

ಅವನು ಮರದ ಮನುಷ್ಯ, ಆ ಮಾತು ತಿಳಿಯಿತು. ನುಂಗಿದ. ಆದರೆ ಎರಡು ಇಡೀ ಗುಳಿಗೆ ನುಂಗಬೇಕಾದವನಿಗೆ ಒಂದೂವರೆ ಸಿಕ್ಕರೆ ಏನು ಬಂತು? ಕೆಮ್ಮಿಗೆ ಅದು ನಾಟಲಿಲ್ಲ, ನಡುವಿನವನು ಮೊದಲಿನಂತೆಯೇ ಕೆಮ್ಮುತ್ತಿದ್ದ, ಸಾಲದ್ದಕ್ಕೆ ಹೊಟ್ಟೆ ಕೆಟ್ಟು ಹಿತ್ತಲಿಗೂ ಮನೆಗೂ ಓಡಾಡತೊಡಗಿದ. ಸಮಪಾಲಿನ ಕುರು ತನ್ನಷ್ಟಕ್ಕೆ ಒಡೆಯಿತು, ಅವನು ಅದನ್ನು ಗುಳಿಗೆಯ ಮಹಿಮೆ ಎಂದು ಗಿರಾಕಿಗಳಿಗೆಲ್ಲ ಕತ್ತು ತೋರಿಸಿಕೊಂಡು ತಿರುಗಿದ. ಕಿರಿಯವನು ಮಾತ್ರ ಇದ್ದಕ್ಕಿದ್ದಂತೆ ಕೆಲಸದ ಹೊತ್ತಿನಲ್ಲೂ ಊಟದ ಹೊತ್ತಿನಲ್ಲೂ ಕೈಗವಸು ಹಾಕಿಕೊಳ್ಳಲು ಶುರುಮಾಡಿದ.

ಅವಳು ಒಂದು ಮಧ್ಯಾಹ್ನ ಅವನನ್ನು ಮೂಲೆಗೆ ಒತ್ತಿ ಕೈಗವಸು ಎಳೆದಳು. ಅಂಗೈ ಮತ್ತೆ ಬಾತಿತ್ತು. ಹೊಲಿಗೆ ಹಾಕಿದ ಜಾಗ ಹೊಳೆಯುತ್ತಾ ಬಿಗಿದುಕೊಂಡಿತ್ತು. ತೋರುಬೆರಳು ಕೊಕ್ಕೆಯಾಗಿ ನಿಂತುಬಿಟ್ಟಿತ್ತು, ಬಿಡಿಸಲು ಹೋದರೆ ಅವನ ಕಣ್ಣಲ್ಲಿ ನೀರು ಬಂತು.

“ಯಾವಾಗಿಂದ?”

“ಸ್ವಲ್ಪ ದಿನ ಆಯ್ತು. ಅಣ್ಣನಿಗೆ ಹೇಳ್ಬೇಡಿ ಅತ್ತಿಗೆ. ಎಲ್ಲರಿಗೂ ಗುಣ ಆಗ್ತಿದೆ, ನನಗೊಬ್ಬನಿಗೆ ಮತ್ತೆ ಬಂತು ಅಂದ್ರೆ ಬೇಜಾರು ಮಾಡ್ಕೊಳ್ತಾನೆ.”

ಎಂಥ ಮನೆಯಪ್ಪ ಇದು ಎಂದು ಅವಳಿಗೆ ಮೈಯೆಲ್ಲ ಉರಿಯಿತು. ಒಬ್ಬ ದಡ್ಡ ಗೆರೆ ಎಳೆಯುತ್ತಾನೆ, ಒಬ್ಬ ಹೂಂ ಎನ್ನುತ್ತಾನೆ, ಒಬ್ಬ ತನ್ನ ಕೈ ಕೊಳೆಯುತ್ತಿದ್ದರೂ ಅಣ್ಣನ ಮನಸ್ಸು ನೋಯಬಾರದು ಎನ್ನುತ್ತಾನೆ. ಈಗಲೇ ಆಸ್ಪತ್ರೆಗೆ ನಡಿ ಎಂದು ಬೈದಳು, ಬೇಡಿಕೊಂಡಳು, ಕೈ ಹಿಡಿದೆಳೆದಳು. ಅವನು ಅಣ್ಣ ಹೇಳಲಿ ಎಂದು ಕಂಬದಂತೆ ನಿಂತ. ಬೇರೆ ದಾರಿ ಕಾಣದೆ, ಡಬ್ಬಿಯಿಂದ ಒಂದು ಇಡೀ ಗುಳಿಗೆ ಎತ್ತಿಕೊಂಡು ಬಂದು ಅವನ ಬಾಯಿಗೆ ಹಾಕುತ್ತಿದ್ದಾಗ ಸಮಪಾಲು ಬಾಗಿಲಲ್ಲಿ ನಿಂತಿದ್ದ.

ಅವನು ಕೂಗಾಡಲಿಲ್ಲ. ಕೂಗಾಡಿದ್ದರೆ ಅವಳಿಗೆ ಅವನ ಮೇಲೆ ಒಂದು ಚೂರು ಗೌರವವಾದರೂ ಉಳಿಯುತ್ತಿತ್ತೇನೋ. ಅವನಿಗೆ ಕಣ್ಣು ತುಂಬಿತು. ತನ್ನ ಮನೆಯಲ್ಲಿ, ತನ್ನ ಹೆಂಡತಿಯೇ, ಒಬ್ಬನಿಗೆ ಹೆಚ್ಚು ಒಬ್ಬನಿಗೆ ಕಡಿಮೆ ಮಾಡಿದಳಲ್ಲ ಎಂದು ಮಗುವಿನಂತೆ ತುಟಿ ನಡುಗಿಸಿದ. ತಮ್ಮನ ಬಾತ ಕೈ ಎದುರಿಗೇ ಇತ್ತು. ಅವನ ಕಣ್ಣಿಗೆ ಬಿದ್ದದ್ದು ಡಬ್ಬಿಯ ಲೆಕ್ಕ ಮಾತ್ರ.

ಮಾರನೆಯ ಬೆಳಿಗ್ಗೆ ತಿಂಡಿಯ ಮೇಜಿನಲ್ಲಿ ನ್ಯಾಯಪಂಚಾಯಿತಿ ಸೇರಿತು. ಪಂಚರೂ ಅವನೇ, ತೀರ್ಪೂ ಅವನದೇ. ಡಬ್ಬಿ ನಡುವೆ ಇತ್ತು, ಪಕ್ಕದಲ್ಲಿ ಉಳಿ, ಕೊಡತಿ, ಹಲಗೆ.

“ಇನ್ನು ಮೇಲೆ ಎಲ್ಲರೂ ನನ್ನ ಎದುರಿಗೇ ನುಂಗ್ಬೇಕು,” ಎಂದ. “ನುಂಗಿ ಬಾಯಿ ತೆಗೆದು ತೋರಿಸ್ಬೇಕು. ಮೊದ್ಲು ನಾನೇ ತೋರಿಸ್ತೀನಿ.”

ನುಂಗಿದ, ಬಾಯಿ ತೆರೆದ. ಚಹಾ ಕುಡಿದು ಕಪ್ಪಾದ ಹಲ್ಲು, ದಪ್ಪ ನಾಲಿಗೆ. ನಾಲಿಗೆ ಎತ್ತಿಯೂ ತೋರಿಸಿದ, ಎಷ್ಟು ನ್ಯಾಯವಂತ ನೋಡಿ. ನಡುವಿನವನು ನುಂಗಿ ಬಾಯಿ ತೆರೆದ, ತೆರೆದ ಬಾಯಿಯಲ್ಲೇ ಕೆಮ್ಮಿದ. ಕಿರಿಯವನು ಎಡಗೈಯಲ್ಲಿ ಲೋಟ ಹಿಡಿದು ನುಂಗಿದ, ಬಲಗೈ ಮೇಜಿನ ಕೆಳಗಿತ್ತು, ಅವನ ಹಣೆ ಜ್ವರಕ್ಕೆ ಬೆವರಿತ್ತು. ಕೊನೆಗೆ ಅರ್ಧ ಹೋಳು ಅವಳ ತಟ್ಟೆಯ ಅಂಚಿಗೆ ಬಂತು.

“ತಗೋ.”

“ತಗೊಳ್ಳಲ್ಲ.”

“ಯಾಕೆ? ಎಲ್ಲರಿಗೂ ಒಂದು ನ್ಯಾಯ, ನಿನಗೊಂದಾ?”

ಅವಳು ಹೋಳನ್ನು ನೋಡಿದಳು. ಅಂಚು ಎಷ್ಟು ನೇರವಾಗಿತ್ತೆಂದರೆ, ಅವನು ಜನ್ಮದಲ್ಲಿ ಸರಿಯಾಗಿ ಕೊಯ್ದ ವಸ್ತು ಬಹುಶಃ ಅದೊಂದೇ. ನುಂಗಿಬಿಟ್ಟರೆ ಗುಟ್ಟು ಉಳಿಯುತ್ತದೆ. ಅರ್ಧ ಹೋಳಿಗೆ ಏನೂ ಆಗದೆಯೂ ಇರಬಹುದು. ನಾಳೆಯೂ ಅರ್ಧ, ನಾಡಿದ್ದೂ ಅರ್ಧ. ಆಮೇಲೆ ಒಂದು ದಿನ ಅವಳು ನಡುಗುತ್ತಾ ಬಿದ್ದರೆ ಇವನು ಡಬ್ಬಿಯಲ್ಲಿ ಕೈಯಾಡಿಸಿ ಇನ್ನೇನನ್ನೋ ಅರ್ಧ ಮಾಡಿ ಬಾಯಿಗೆ ಹಾಕುತ್ತಾನೆ. ಇಂಥವನ ಕೈಯಲ್ಲಿ ಸಾಯುವಷ್ಟು ಅಗ್ಗವಾಗಿ ಹೋದೆನೇ ನಾನು ಎಂದುಕೊಂಡಳು.

ಎದ್ದು ಒಳಗೆ ಹೋದಳು. ಗುಂಡಿಗಳ ಪೆಟ್ಟಿಗೆ ತಂದು ಮೇಜಿನ ಮೇಲೆ ಬೋರಲು ಹಾಕಿದಳು. ಗುಂಡಿಗಳು ಚಹಾದ ಲೋಟಗಳ ನಡುವೆ ಉರುಳಿದವು, ಕೊನೆಗೆ ಗುಳಿಗೆಯ ಹಾಳೆ ಬಿತ್ತು.

“ಇದು ಮನಸ್ಸಿನ ಗುಳಿಗೆ. ನಾನು ದಿನಾ ತಗೊಳ್ತೀನಿ, ಬಹಳ ಕಾಲದಿಂದ. ಆ ನಿಮ್ಮ ಗುಳಿಗೆ ಇದರ ಜೊತೆ ಸೇರಿದ್ರೆ ಜೀವ ಹೋಗ್ಬಹುದು ಅಂತ ಆಸ್ಪತ್ರೆಯಲ್ಲಿ ಹೇಳಿದ್ರು. ಈಗ ಹೇಳಿ, ನುಂಗ್ಲಾ?”

ಸಮಪಾಲು ಬಾಯಿ ತೆರೆದ, ಈ ಸಲ ತೋರಿಸುವುದಕ್ಕಲ್ಲ. ನಡುವಿನವನು ‘ಹೂಂ’ ಎಂದುಬಿಟ್ಟು, ಏನಂದೆ ಎಂದು ಗೊತ್ತಾಗಿ ಲೋಟದೊಳಗೆ ಮುಖ ತೂರಿಸಿದ.

ಎದ್ದವನು ಕಿರಿಯವನು. ತನ್ನ ಕೈ ಕೊಳೆತರೂ ಏಳದವನು ಕುರ್ಚಿ ಹಿಂದಕ್ಕೆ ಬೀಳುವಂತೆ ಎದ್ದ.

“ಅಣ್ಣ, ಇಷ್ಟು ದಿನ ಅತ್ತಿಗೆಗೆ ಇದನ್ನ ಕೊಡ್ತಿದ್ಯಲ್ಲ.”

“ನನಗೇನು ಗೊತ್ತು? ಎಲ್ಲರಿಗೂ ಕೊಟ್ಟ ಹಾಗೇ—”

“ಗೊತ್ತಿಲ್ದೆ ಕೊಡ್ತಿದ್ದೆ ನೀನು.” ಕಿರಿಯವನು ಎಡಗೈಯಿಂದ ಡಬ್ಬಿಯನ್ನು ಎತ್ತಿ ಕಂಕುಳಿಗೆ ಸಿಕ್ಕಿಸಿಕೊಂಡ. ಮೇಜಿನ ಕೆಳಗೆ ಅಡಗಿದ್ದ ಬಲಗೈ ಈಗ ಹೊರಗಿತ್ತು, ಎಲ್ಲರೂ ಅದನ್ನು ನೋಡಿದರು. “ಅತ್ತಿಗೆ, ನಡೀರಿ ಆಸ್ಪತ್ರೆಗೆ. ನೀವು ಒಂದು ಹೋಳೂ ನುಂಗಿಲ್ಲ ಅಂತ ಡಾಕ್ಟರ್ ಬಾಯಿಂದ ಕೇಳ್ಬೇಕು ನಾನು.”

“ನಾನು ನುಂಗಿಲ್ಲ ಅಂತ ಡಾಕ್ಟರಿಗೆ ಹೇಗೋ ಗೊತ್ತಾಗುತ್ತೆ?” ಎಂದಳು ಅವಳು. ಆದರೆ ಚಪ್ಪಲಿ ಆಗಲೇ ಮೆಟ್ಟಿಕೊಂಡಿದ್ದಳು.

ಡಾಕ್ಟರಮ್ಮ ಸಿಡುಕಿನ ಹೆಂಗಸು. ಕೈ ನೋಡಿದಳು, ಡಬ್ಬಿ ತೆರೆದು ನೋಡಿದಳು, ನಡೆದದ್ದನ್ನೆಲ್ಲ ಕೇಳಿದಳು. ಕೇಳುತ್ತಾ ಕೇಳುತ್ತಾ ಪೆನ್ನು ಕೆಳಗಿಟ್ಟಳು.

“ಉಳಿಯಿಂದ ಒಡೆದ್ರಾ?”

“ಹೌದು,” ಎಂದಳು ಅವಳು. ಆ ಕ್ಷಣ ಗಂಡನ ಪರವಾಗಿ ನಾಚಿಕೆ ಪಡುವಷ್ಟೂ ಆಸಕ್ತಿ ಅವಳಿಗೆ ಉಳಿದಿರಲಿಲ್ಲ.

“ಬೇರೆ ಔಷಧಿ ನಾಟದಿದ್ದಾಗ ಕೊಡೋದು ಇದು. ಅರ್ಧಂಬರ್ಧ ಕೊಟ್ರೆ ಬಲ ಇಲ್ಲದ ಕ್ರಿಮಿ ಸಾಯುತ್ತೆ, ಗಟ್ಟಿಯಾದದ್ದು ಉಳ್ಕೊಂಡು ಬೆಳೆಯುತ್ತೆ. ಆಮೇಲೆ ಇದಕ್ಕೂ ಬಗ್ಗಲ್ಲ. ಇನ್ನು ನೀವು. ನೀವೇನಾದ್ರೂ ನುಂಗಿದ್ರಾ?”

“ಮೊದಲ ದಿನ ಬಾಯಲ್ಲಿ ಸ್ವಲ್ಪ ಕರಗಿತ್ತು. ಉಗಿದೆ. ಆಮೇಲೆ ಇಲ್ಲ.”

ಡಾಕ್ಟರಮ್ಮ ಅವಳ ನಾಡಿ ನೋಡಿದಳು, ಮೊಣಕಾಲಿಗೆ ಸುತ್ತಿಗೆಯಿಂದ ತಟ್ಟಿದಳು, ಕಣ್ಣಿಗೆ ಬೆಳಕು ಬಿಟ್ಟಳು. “ನಿಮಗೇನೂ ಆಗಿಲ್ಲ. ನಿಮ್ಮ ಗುಳಿಗೆ ನಿಲ್ಲಿಸ್ಬೇಡಿ. ಯಾವ ಡಾಕ್ಟರ ಹತ್ರ ಹೋದ್ರೂ ಅದನ್ನ ಮೊದ್ಲು ಹೇಳಿ, ಮುಚ್ಚಿಡ್ಬೇಡಿ.”

ಕಿರಿಯವನು ಗೋಡೆಗೆ ಒರಗಿ ಉಸಿರು ಬಿಟ್ಟ. ಆಮೇಲಷ್ಟೇ, “ನನ್ನ ಕೈ?” ಎಂದು ಕೇಳಿದ.

ಕೈಯನ್ನು ಆ ಮಧ್ಯಾಹ್ನವೇ ಮತ್ತೆ ಕೊಯ್ದರು. ದಬ್ಬಳ ಬಿಟ್ಟುಹೋಗಿದ್ದ, ಮೊದಲ ಸಲ ಕೊಯ್ದಾಗಲೂ ಸಿಗದ ಸಿಬಿರಿನ ಚೂರೊಂದು ಇನ್ನೂ ಆಳದಲ್ಲಿತ್ತು, ಅದು ಸಿಕ್ಕಿತು. ಕೈ ಉಳಿಯುತ್ತದೆ ಎಂದರು. ತೋರುಬೆರಳು ಮೊದಲಿನಂತೆ ಪೂರ್ತಿ ಮಡಚುವುದಿಲ್ಲ, ಉಳಿ ಹಿಡಿಯುವುದನ್ನು ಹೊಸದಾಗಿ ಕಲಿಯಬೇಕಾಗುತ್ತದೆ ಎಂದರು. ಅವನು ಹಾಸಿಗೆಯಲ್ಲಿ ಮಲಗಿ ಬ್ಯಾಂಡೇಜಿನ ಕೈಯನ್ನು ಎದೆಯ ಮೇಲಿಟ್ಟುಕೊಂಡು ತಾರಸಿ ನೋಡುತ್ತಿದ್ದ. ಅವಳು ಅವನ ಹಣೆಯ ಮೇಲೆ ಕೈಯಿಟ್ಟು ಬಹಳ ಹೊತ್ತು ಕೂತಿದ್ದಳು. ಅವಳಿಗೆ ಅಳು ಬಂತು, ಅತ್ತಳು. ಪಾಲಿನ ಡಬ್ಬಿಯನ್ನು ಔಷಧಿಯ ಕಿಟಕಿಯಾಕೆ ಇಸಿದುಕೊಂಡು, ಒಳಗಿದ್ದದ್ದನ್ನೆಲ್ಲ ನಾಶಮಾಡಲು ಬೇರೆ ತೆಗೆದಿಟ್ಟು, ಬರಿ ಡಬ್ಬಿ ವಾಪಸ್ಸು ಕೊಟ್ಟಳು.

ಸಂಜೆ ಅವಳೊಬ್ಬಳೇ ಮನೆಗೆ ಬಂದಳು. ದಾರಿಯುದ್ದಕ್ಕೂ, ಗಂಡ ಅಳುತ್ತಿರಬಹುದು, ಆಸ್ಪತ್ರೆಗೆ ಬರಲು ಮುಖವಿಲ್ಲದೆ ಕೂತಿರಬಹುದು, ಬೈಯಬಾರದು ಎಂದು ತನಗೆ ತಾನೇ ಹೇಳಿಕೊಂಡಿದ್ದಳು. ತಿಂಡಿಯ ಮೇಜು ಬೆಳಿಗ್ಗೆ ಬಿಟ್ಟಲ್ಲೇ ಇತ್ತು. ಗುಂಡಿಗಳನ್ನು ಮಾತ್ರ ಒತ್ತರಿಸಿ ಪೆಟ್ಟಿಗೆಗೆ ತುಂಬಿದ್ದರು. ಸಮಪಾಲೂ ನಡುವಿನವನೂ ಎದುರುಬದುರು ಕೂತಿದ್ದರು, ಇಬ್ಬರ ಮುಂದೆಯೂ ನೀರಿನ ಲೋಟ. ಅವಳ ಮನಸ್ಸಿನ ಗುಳಿಗೆಯ ಹಾಳೆಯನ್ನು ಕತ್ತರಿಯಿಂದ ನೀಟಾಗಿ ಮೂರು ತುಂಡು ಮಾಡಿ, ಒಂದನ್ನು ನಡುವಿನವನ ಮುಂದೆ, ಒಂದನ್ನು ಕಿರಿಯವನ ಖಾಲಿ ಜಾಗದಲ್ಲಿ, ಒಂದನ್ನು ತನ್ನ ಮುಂದೆ ಇಟ್ಟುಕೊಂಡಿದ್ದ. ಪಕ್ಕದಲ್ಲಿ ಉಳಿ ಸಿದ್ಧವಾಗಿತ್ತು.

“ಬಂದ್ಯಾ,” ಎಂದ. ಅತ್ತದ್ದು ನಿಜ, ಕಣ್ಣು ಕೆಂಪಾಗಿತ್ತು. “ನೀನು ಬರ್ಲಿ ಅಂತ ಕಾಯ್ತಿದ್ವಿ. ನಾವು ಮಾತ್ರ ಮೊದಲೇ ತಗೊಳ್ಳೋದು ಸರಿಯಲ್ಲ ಅಂತ.”

“ಏನು ತಗೊಳ್ಳೋದು?”

“ಇಷ್ಟು ವರ್ಷ ನೀನೊಬ್ಬಳೇ ದುಃಖ ಅನುಭವಿಸಿದ್ಯಲ್ಲೇ. ನಮಗೆ ಗೊತ್ತೇ ಆಗ್ಲಿಲ್ಲ. ಇನ್ನು ಮೇಲೆ ಅದರಲ್ಲೂ ಎಲ್ಲರ ಪಾಲಿರ್ಲಿ.”

ಅವಳು ಮೇಜಿನ ಮೇಲಿನ ಮೂರು ತುಂಡುಗಳನ್ನು ನೋಡಿದಳು. “ನಂದೆಲ್ಲಿ?”

“ನನ್ನ ಪಾಲಲ್ಲಿದೆಯಲ್ಲ,” ಎಂದು ಅವನು ಉಳಿ ಕೈಗೆತ್ತಿಕೊಂಡ. “ಅರ್ಧ ಮಾಡ್ತೀನಿ.”

ಬೆಳಿಗ್ಗೆಯಷ್ಟೇ ಆ ಇನ್ನೊಂದು ಗುಳಿಗೆ ನುಂಗಿದ ಇಬ್ಬರು, ಎರಡೂ ಸೇರಿದರೆ ಜೀವ ಹೋಗಬಹುದೆಂದು ಅವಳ ಬಾಯಿಂದಲೇ ಕೇಳಿದ ಇಬ್ಬರು, ಒಬ್ಬನೇ ತಿನ್ನಬಾರದು ಎಂಬ ಹುಚ್ಚಿಗೆ ಕಾದು ಕೂತದ್ದರಿಂದಲೇ ಇನ್ನೂ ಅದನ್ನು ನುಂಗಿರಲಿಲ್ಲ. ಅವನಿಗೆ ಪ್ರೀತಿ ಇರಲಿಲ್ಲವೆಂದಲ್ಲ. ಅಷ್ಟೊಂದು ಪ್ರೀತಿಯೂ ಆ ತಲೆಯೊಳಗೆ ಹೊಕ್ಕು ಹೊರಬರುವಷ್ಟರಲ್ಲಿ ಒಂದು ಉಳಿ, ಒಂದು ಕೊಡತಿಯಾಗಿರುತ್ತಿತ್ತು.

ಅವಳು ಅವನ ಕೈಯಿಂದ ಉಳಿ ಇಸಿದುಕೊಂಡು ಗೂಡಿನಲ್ಲಿ, ಪಾಲಿನ ಡಬ್ಬಿ ಇರುತ್ತಿದ್ದ ಜಾಗದಲ್ಲಿ ಇಟ್ಟಳು. ಮೇಜಿನ ಸುತ್ತ ಬಂದು ಮೂರೂ ತುಂಡುಗಳನ್ನು ಆಯ್ದುಕೊಂಡಳು. ನಡುವಿನವನು ತನ್ನದನ್ನು ತಾನಾಗಿಯೇ ಮುಂದಕ್ಕೆ ತಳ್ಳಿದ.

“ಇದು ನಂದು,” ಎಂದಳು. “ನಾಳೆ ಬೆಳಿಗ್ಗೆ ಇಬ್ಬರೂ ಆಸ್ಪತ್ರೆಗೆ ಹೋಗಿ ಏನೇನು ತಿಂದಿದ್ದೀರಿ ಅಂತ ಹೇಳಿ ಬರ್ಬೇಕು. ನಿಮ್ಮ ತಮ್ಮನ ಬೆರಳು ಇನ್ನು ಪೂರ್ತಿ ಮಡಚೋದಿಲ್ಲ. ಅದನ್ನ ಹೇಗೆ ಮೂರು ಪಾಲು ಮಾಡ್ತೀರಿ ಅಂತ ದಾರಿಯಲ್ಲಿ ಯೋಚನೆ ಮಾಡಿ.”

ಸಮಪಾಲು ನಡುವಿನವನನ್ನು ನೋಡಿದ. ನಡುವಿನವನು ಹೂಂ ಎನ್ನಲಿಲ್ಲ.

ಬೆಳಿಗ್ಗೆಯ ಗಲಾಟೆಯಲ್ಲಿ ಆ ದಿನದ ಗುಳಿಗೆ ತಪ್ಪಿಹೋಗಿತ್ತು. ಅವಳು ಒಂದನ್ನು ಬಿಡಿಸಿ, ಗಂಡನ ಮುಂದಿದ್ದ ಲೋಟವನ್ನೇ ಎತ್ತಿಕೊಂಡು, ನಿಂತಲ್ಲೇ ನುಂಗಿ ನೀರು ಪೂರ್ತಿ ಕುಡಿದಳು. ಆಮೇಲೆ ಅವನ ಮುಖದ ಹತ್ತಿರ ಬಗ್ಗಿ, ದೊಡ್ಡದಾಗಿ ಬಾಯಿ ತೆರೆದು ತೋರಿಸಿದಳು.